ಮಸಾಯಿ ಹಳ್ಳಿಯವರೇ ನಡೆಸುವ ಪ್ರಾಥಮಿಕ ಶಾಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನ್ಯಾ ಸಫಾರಿಗೆ ಹೋಗಿ ಬಂದವರು, ನಮ್ಮ ಕಡೆಯ ಶಾಲಾ ಮೇಷ್ಟ್ರುಗಳು, ಏನಾದರೂ ಸಹಾಯ ಮಾಡೋಣ ಅಂತಿರುವವರು, ಹೀಗೆ ಬೇರೆ ಬೇರೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಜಗಳ ಹತ್ತುವಂಥವು ಆಮೇಲೆ. ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ.

## ಮೊದಲ ಪ್ರಶ್ನೆಗಳು

ಮಸಾಯಿಗಳು ಕೆನ್ಯಾದವರಾ, ತಾಂಜಾನಿಯಾದವರಾ?

ಎರಡೂ ಕಡೆಯವರು, ದನ ಸಾಕಿ ಬದುಕುವ ಜನ. ಕೆನ್ಯಾದ ದಕ್ಷಿಣದಲ್ಲಿ ನಾರೋಕ್, ಕಜಿಯಾಡೋ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳ ಹಾಗೆ. ಗಡಿ ದಾಟಿದರೆ ತಾಂಜಾನಿಯಾದ ಲೊಂಗಿಡೊ, ಮೊಂಡುಲಿ, ನ್ಗೊರೊಂಗೊರೊ, ಸಿಮಂಜಿರೊ. ಗಡಿ ಎಳೆದವರು ಬ್ರಿಟಿಷರು ಮತ್ತು ಜರ್ಮನ್ನರು. ಹುಲ್ಲು ನೋಡಿಕೊಂಡು ಹೋಗುವ ದನಗಳಿಗೆ ಅದೆಲ್ಲಾ ಎಲ್ಲಿ ಗೊತ್ತಾಗಬೇಕು! 2019ರ ಜನಗಣತಿ ಪ್ರಕಾರ ಕೆನ್ಯಾದಲ್ಲೇ ಸುಮಾರು 12 ಲಕ್ಷ ಮಸಾಯಿಗಳಿದ್ದಾರೆ. ಮನೆಮಾತು ಮಾ ಭಾಷೆ.

ಇದು ಸರ್ಕಾರಿ ಶಾಲೆನಾ, ಖಾಸಗಿನಾ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ, ಯಾಕೆಂದರೆ ಶಾಲೆ ಬೆಳೆಯುತ್ತಾ ಬೆಳೆಯುತ್ತಾ ಬದಲಾಗುತ್ತದೆ. ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಸರ್ಕಾರಿ ಶಾಲೆ ತುಂಬಾ ದೂರ ಇದೆ, ಚಿಕ್ಕ ಮಕ್ಕಳು ಅಷ್ಟು ನಡೆಯಲಾರರು. ಹಿರಿಯರು ಸಭೆ ಸೇರುತ್ತಾರೆ. ಒಬ್ಬರು ಹೋರಿ ಕೊಡುತ್ತಾರೆ, ಇನ್ನೊಬ್ಬರು ಎರಡು ಆಡು. ಮಾರಿದ ದುಡ್ಡಿಗೆ ತಗಡು ಬರುತ್ತದೆ. ಮಣ್ಣಿನ ಗೋಡೆ ಹೆಂಗಸರು ಕಟ್ಟುತ್ತಾರೆ, ಮಸಾಯಿಗಳಲ್ಲಿ ಮನೆ ಕಟ್ಟುವುದು ಹೆಂಗಸರ ಕೆಲಸವೇ. ಪ್ರೌಢಶಾಲೆ ಮುಗಿಸಿದ ಊರಿನ ಹುಡುಗನೋ ಹುಡುಗಿಯೋ ಪಾಠ ಶುರು ಮಾಡುತ್ತಾರೆ. ಹೀಗೆ ಎಲ್ಲರೂ ಕೈ ಹಾಕಿ ಶಾಲೆ ಕಟ್ಟುವುದಕ್ಕೆ ಕೆನ್ಯಾದಲ್ಲಿ ಹರಂಬೀ ಎನ್ನುತ್ತಾರೆ, ಸ್ವಾತಂತ್ರ್ಯ ಬಂದಾಗಿನಿಂದಲೂ ಇದು ನಡೆದು ಬಂದಿದೆ.

ಆಮೇಲೆ ನೋಂದಣಿ. ಅದಾದರೆ ಸರ್ಕಾರ ಮಗುವಿಗೆ ಇಷ್ಟು ಅಂತ ದುಡ್ಡು ಕೊಡುತ್ತದೆ, ಟಿಎಸ್‌ಸಿ ಎಂಬ ಆಯೋಗ ಶಿಕ್ಷಕರನ್ನು ಕಳಿಸುತ್ತದೆ. ಅವರು ಸಾಲದಿದ್ದರೆ ಆಡಳಿತ ಮಂಡಳಿಯೇ ಬೇರೆ ಶಿಕ್ಷಕರನ್ನು ಇಟ್ಟುಕೊಳ್ಳುತ್ತದೆ, ಅವರ ಸಂಬಳ ಪೋಷಕರ ಜೇಬಿನಿಂದ. ಮಂಡಳಿ ಅಂದರೆ ಹೆಚ್ಚುಕಮ್ಮಿ ನಮ್ಮ ಎಸ್‌ಡಿಎಂಸಿ ಇದ್ದ ಹಾಗೆ. ಹಾಗಾಗಿ ಕಾಗದದಲ್ಲಿ ಸರ್ಕಾರಿ ಶಾಲೆ ಆಗಿದ್ದರೂ ಊರಿನವರು ಅದನ್ನು "ನಮ್ಮ ಶಾಲೆ" ಎನ್ನುವುದು ಸುಮ್ನೆ ಅಲ್ಲ.

ಮಸಾಯಿಗಳು ಶಾಲೆ ಅಂದ್ರೆ ಆಗದ ಜನ ಅಂತ ಕೇಳಿದ್ದೆ. ನಿಜಾನಾ?

ಒಂದು ಕಾಲದಲ್ಲಿ ನಿಜ. ಆದರೆ ಕಾರಣ ಕೇಳಿದರೆ ಅವರದ್ದೇ ಸರಿ ಅನ್ನಿಸುತ್ತದೆ. 1904ರಲ್ಲಿ ಮತ್ತೆ 1911ರಲ್ಲಿ ಬ್ರಿಟಿಷರು ಒಪ್ಪಂದದ ಕಾಗದ ಮುಂದಿಟ್ಟು ಅವರ ಒಳ್ಳೆ ಹುಲ್ಲುಗಾವಲುಗಳನ್ನು ತೆಗೆದುಕೊಂಡರು. ಮೊದಲ ಒಪ್ಪಂದದಲ್ಲಿ ಉತ್ತರದ ಲೈಕಿಪಿಯಾ ಪ್ರದೇಶ ನಿಮಗೇ ಎಂದಿದ್ದರು, ಎರಡನೆಯದರಲ್ಲಿ ಅಲ್ಲಿಂದಲೂ ಎಬ್ಬಿಸಿ ದಕ್ಷಿಣಕ್ಕೆ ಓಡಿಸಿದರು. ಮಸಾಯಿಗಳು 1913ರಲ್ಲಿ ಕೋರ್ಟಿಗೆ ಹೋದರು, ಕೇಸು ಬಿದ್ದುಹೋಯಿತು. ಇಂಥ ಸರ್ಕಾರ ಬಂದು ನಿಮ್ಮ ಮಕ್ಕಳನ್ನು ಶಾಲೆಗೆ ಕಳಿಸಿ ಅಂದರೆ ಯಾರು ಕಳಿಸುತ್ತಾರೆ? ಮನೆಗೆ ಒಬ್ಬರನ್ನು ಕಳಿಸಲೇಬೇಕು ಅಂತ ಒತ್ತಾಯ ಬಂದಾಗ ದನ ಕಾಯಲು ಆಗದ ಮಗುವನ್ನೋ, ಅಪ್ಪನಿಗೆ ಅಷ್ಟಾಗಿ ಬೇಡವಾದವನನ್ನೋ ಕಳಿಸುತ್ತಿದ್ದರು. ಹಾಗೆ ಹೋದವರೇ ಮುಂದೆ ಓದಿ ದೊಡ್ಡವರಾದ ಕಥೆಗಳು ಅಲ್ಲಿ ಊರೂರಿಗೂ ಇವೆ.

ಈಗ ಕಾಲ ತಿರುಗಿದೆ. 1968ರ ಕಾಯ್ದೆಯಿಂದ ಶುರುವಾದ, ಹಲವು ಮನೆಗಳಿಗೆ ಒಟ್ಟಿಗೆ ಸೇರಿದ ಗುಂಪು ಜಮೀನುಗಳನ್ನು 1980ರ ದಶಕದಿಂದ ತುಂಡು ಮಾಡಿ ಹಂಚತೊಡಗಿದರು. ಓದಲು ಬಾರದವರು ಕಾಗದ ನೋಡದೆ ಜಮೀನು ಮಾರಿಕೊಂಡರು. ಕಾಗದದಿಂದ ಕಳೆದುಕೊಂಡದ್ದನ್ನು ಕಾಗದ ಓದಿಯೇ ಉಳಿಸಿಕೊಳ್ಳಬೇಕು ಎಂಬುದು ಇವತ್ತಿನ ಮಸಾಯಿ ಅಪ್ಪಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಕ್ಕಳು ದಾರೀಲಿ ಸಿಂಹ, ಆನೆ ಎಲ್ಲಾ ಎದುರಿಸ್ತಾರಾ? ಅಥವಾ ಇದು ಟಿವಿಯವರು ಮಾಡಿದ್ದಾ?

ಅಂಬೊಸೆಲಿ, ಮಸಾಯಿ ಮಾರಾ ಎಂಬ ಕಾಡುಪ್ರಾಣಿ ಧಾಮಗಳ ಸುತ್ತಮುತ್ತ ಇದು ದಿನದ ಚಿಂತೆ. ಸಿಂಹಕ್ಕಿಂತ ಆನೆ, ಕಾಡೆಮ್ಮೆಗಳ ಭಯ ಜಾಸ್ತಿ. ಮಕ್ಕಳು ಗುಂಪಾಗಿ ಹೋಗುತ್ತಾರೆ, ಬೆಳಗ್ಗೆ ದಾರಿಯಲ್ಲಿ ಆನೆ ಇದ್ದರೆ ಅದು ಸರಿಯುವ ತನಕ ನಿಲ್ಲುತ್ತಾರೆ. ಊರಿನವರೇ ನಡೆಸುವ ಶಾಲೆಯಲ್ಲಿ ಅಂಥ ದಿನ ತಡವಾಗಿ ಬಂದ ಮಗುವಿಗೆ ಬೈಗುಳ ಇರುವುದಿಲ್ಲ. ಹೊರಗಿನಿಂದ ಬಂದ ಹೆಡ್ ಮಾಸ್ಟರಿಗೆ ಇದು ಅರ್ಥವಾಗಲು ಸ್ವಲ್ಪ ದಿನ ಬೇಕು.

ಮಧ್ಯಾಹ್ನ ಊಟ ಏನು? ಹಾಲು, ರಕ್ತ ಅಂತೆಲ್ಲಾ ಓದಿದ್ದೆ.

ಶಾಲೆಯಲ್ಲಿ ಅದೆಲ್ಲಾ ಇಲ್ಲ. ಜೋಳ ಅಂದರೆ ಮೆಕ್ಕೆಜೋಳ, ಅದರ ಜೊತೆ ಹುರುಳಿಕಾಯಿ ಬೀಜ ಬೇಯಿಸಿದ ಗಿಥೆರಿ. ಬೆಳಗ್ಗೆ ಉಜಿ ಎಂಬ ಗಂಜಿ. ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ, ಸಿಕ್ಕಿದರೆ ರಾಗಿ ಹಿಟ್ಟಿನಲ್ಲೂ. ಹೌದು, ನಮ್ಮ ರಾಗಿಯೇ. ಅದರ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಅಂಬಲಿ ಕುಡಿದು ಬೆಳೆದವರಿಗೆ ಅಲ್ಲಿನ ಉಜಿ ಬಾಯಿಗೆ ಹೊಸದೇನಲ್ಲ. ಕೆನ್ಯಾದ ಒಣ ಪ್ರದೇಶಗಳ ಶಾಲೆಗಳಿಗೆ ಸರ್ಕಾರದ ಊಟದ ಯೋಜನೆ ಇದೆ, 2018ರವರೆಗೆ ವಿಶ್ವ ಆಹಾರ ಕಾರ್ಯಕ್ರಮವೂ ಜೊತೆಗಿತ್ತು. ಊಟ ನಿಂತ ವಾರ ಹಾಜರಿ ಇಳಿಯುತ್ತದೆ.

## ಪಾಠ ನಡೆಯುವ ಬಗೆ

ಪಾಠ ಯಾವ ಭಾಷೇಲಿ ಮಾಡ್ತಾರೆ?

ಕೆನ್ಯಾದ ನಿಯಮದ ಪ್ರಕಾರ ಮೂರನೇ ತರಗತಿಯವರೆಗೆ ಆ ಊರಿನ ಭಾಷೆ, ಅಂದರೆ ಇಲ್ಲಿ ಮಾ. ನಾಲ್ಕರಿಂದ ಇಂಗ್ಲಿಷ್. ಕಿಸ್ವಾಹಿಲಿ ಒಂದು ವಿಷಯ. ಕಾಗದದಲ್ಲಿ ಚೆನ್ನಾಗಿದೆ ಅಲ್ವಾ? ನಡೆಯುವುದು ಹಾಗಲ್ಲ. ಬೇರೆ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕರಿಗೆ ಮಾ ಬರುವುದಿಲ್ಲ. ಪೋಷಕರಿಗೂ ಮೊದಲ ದಿನದಿಂದಲೇ ಇಂಗ್ಲಿಷ್ ಬೇಕು. ಈ ಆಸೆ ನಮಗೆ ಹೊಸದಲ್ಲ, ಅದಕ್ಕೇ ನಾನು ಅವರನ್ನು ಬೈಯುವುದಿಲ್ಲ.

ಊರಿನ ಹುಡುಗಿಯೇ ಒಂದನೇ ಕ್ಲಾಸಿಗೆ ಪಾಠ ಮಾಡುವ ಶಾಲೆಯಲ್ಲಿ ಮಾತ್ರ ಮಾ ಭಾಷೆ ನಿಜವಾಗಿ ಬಳಕೆಯಾಗುತ್ತದೆ. ಲಿಪಿ ರೋಮನ್. ಮಾ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತದೆ, ಆದರೆ ದಿನಬಳಕೆಯ ಬರವಣಿಗೆಯಲ್ಲಿ ಅದನ್ನು ಗುರುತು ಹಾಕುವುದಿಲ್ಲ. ಹಾಗಾಗಿ ಮಾ ಓದಿಸಲು ಮಾ ಗೊತ್ತಿರುವವರೇ ಬೇಕು. ಓದುವ ಪುಸ್ತಕಗಳೂ ಕಡಿಮೆ.

ಸಂಪ್ರದಾಯ ಬೆರೆಸೋದು ಅಂದ್ರೆ ಶುಕ್ರವಾರ ಕೆಂಪು ಬಟ್ಟೆ ಹಾಕಿ ಕುಣಿಸೋದಾ?

ಬಹಳ ಕಡೆ ಅಷ್ಟೇ ನಡೆಯುವುದು. ದಾನಿಗಳು ಬಂದ ದಿನ ಮಕ್ಕಳಿಗೆ ಶುಕಾ ಎಂಬ ಕೆಂಪು ಬಟ್ಟೆ ಹೊದಿಸಿ, ಮಣಿಸರ ಹಾಕಿ, ಎತ್ತರಕ್ಕೆ ಹಾರುವ ಕುಣಿತ ತೋರಿಸುತ್ತಾರೆ. ನನ್ನ ಪ್ರಕಾರ ಅದು ಶಿಕ್ಷಣ ಅಲ್ಲ, ಸ್ವಾಗತ ಸಮಾರಂಭ. ಮಕ್ಕಳಿಗೆ ಖುಷಿಯಾಗುತ್ತದೆ ಅನ್ನುವುದು ಬೇರೆ ಮಾತು.

ನಿಜವಾದ ಬೆರಕೆ ವಿಜ್ಞಾನದ ಪಾಠದಲ್ಲಿ ಕಾಣುತ್ತದೆ. ಒಂದು ಉದಾಹರಣೆ. ಮಸಾಯಿ ಹೆಂಗಸರು ಹಾಲಿನ ಸೋರೆ ಬುರುಡೆಯನ್ನು ಒಲೊಯಿರಿಯೆನ್ ಎಂಬ ಕಾಡು ಆಲಿವ್ ಮರದ ಉರಿಯುವ ಕಡ್ಡಿಯಿಂದ ಒಳಗೆಲ್ಲಾ ಸವರಿ ಶುದ್ಧ ಮಾಡುತ್ತಾರೆ. ಹಾಲಿಗೆ ಒಂದು ಹೊಗೆಯ ವಾಸನೆ ಬರುತ್ತದೆ, ಬೇಗ ಕೆಡುವುದಿಲ್ಲ. ಸೂಕ್ಷ್ಮಜೀವಿ ಎಂಬ ಪಾಠವನ್ನು ಇಲ್ಲಿಂದ ಶುರು ಮಾಡಿದರೆ ಮಗುವಿಗೆ ಅಮ್ಮ ದಿನಾ ಮಾಡುವ ಕೆಲಸದ ಕಾರಣ ಗೊತ್ತಾಗುತ್ತದೆ. ಇನ್ನೊಂದು. ಕಾಡುಕೋಣದ ಹಾಗೆ ಕಾಣುವ ವೈಲ್ಡ್‌ಬೀಸ್ಟ್‌ಗಳು ವರ್ಷದ ಮೊದಲ ತಿಂಗಳುಗಳಲ್ಲಿ ಮರಿ ಹಾಕುವಾಗ ಮಸಾಯಿಗಳು ದನಗಳನ್ನು ಆ ಬಯಲಿನಿಂದ ದೂರ ಹೊಡೆದುಕೊಂಡು ಹೋಗುತ್ತಾರೆ. ಆ ಮರಿಗಳಿಂದ ದನಗಳಿಗೆ ಒಂದು ವೈರಸ್ ರೋಗ ತಗಲುತ್ತದೆ, ತಗಲಿದ ದನ ಉಳಿಯುವುದು ಅಪರೂಪ. ವೈರಸ್ ಅಂತ ಹೆಸರಿಡುವ ಎಷ್ಟೋ ಮೊದಲೇ ಅವರಿಗೆ ಇದು ಗೊತ್ತಿತ್ತು. ಮನೆ ಹತ್ತಿರದ ಹುಲ್ಲನ್ನು ಕರುಗಳಿಗೆ ಮತ್ತು ನಿಶ್ಶಕ್ತ ದನಗಳಿಗೆ ಮೀಸಲಿಡುವ ಒಲೊಪೊಲೊಲಿ ಪದ್ಧತಿ ಪರಿಸರ ಪಾಠಕ್ಕೆ ಹೇಳಿ ಮಾಡಿಸಿದ್ದು. ಯಾವ ಮರದ ತೊಗಟೆ ಮಾಂಸದ ಸಾರಿಗೆ, ಯಾವುದು ಹೊಟ್ಟೆನೋವಿಗೆ, ಇದೂ ಪಾಠವೇ. ಶಾಲೆ ಹಿಂದಿನ ಗುಡ್ಡವೇ ಪ್ರಯೋಗಾಲಯ, ಅದಕ್ಕೆ ಬೀಗ ಹಾಕುವವರೂ ಇಲ್ಲ.

2019ರಿಂದ ಕೆನ್ಯಾದಲ್ಲಿ ಜಾರಿಗೆ ಬಂದ ಸಿಬಿಸಿ ಎಂಬ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಇದಕ್ಕೆ ಸ್ವಲ್ಪ ಜಾಗ ಕೊಟ್ಟಿದೆ. ಕಿರಿಯ ತರಗತಿಗಳಿಗೆ ಸ್ಥಳೀಯ ಭಾಷೆಯ ಕಲಿಕೆ, ಪೋಷಕರು ಪಾಠದಲ್ಲಿ ಕೈ ಸೇರಿಸುವುದು ಎಲ್ಲಾ ಅದರಲ್ಲಿದೆ. ಜಾಗ ಬಳಸಿಕೊಳ್ಳುವುದು ಬಿಡುವುದು ಆಯಾ ಶಾಲೆಗೆ ಬಿಟ್ಟದ್ದು.

ಗಣಿತ? ದನ ಎಣಿಸೋದು ಹೇಳಿಕೊಡ್ತಾರಾ?

ಈ ಪ್ರಶ್ನೆ ಕೇಳಿದರೆ ಅಲ್ಲಿನ ಅಜ್ಜ ನಗುತ್ತಾನೆ. ದನವನ್ನು ಒಂದು ಎರಡು ಅಂತ ಎಣಿಸುವುದು ಹಳಬರಿಗೆ ಒಳ್ಳೆಯದಲ್ಲ. ದೊಡ್ಡಿಗೆ ದನ ಬಂದಾಗ ಬಣ್ಣ, ಮಚ್ಚೆ, ಕೊಂಬಿನ ಬಾಗು ನೋಡಿಯೇ ಯಾವುದು ಬಂದಿಲ್ಲ ಅಂತ ಹೇಳುತ್ತಾರೆ. ಬಣ್ಣಗಳಿಗೂ ಮಚ್ಚೆಗಳಿಗೂ ಹತ್ತಾರು ಹೆಸರುಗಳಿವೆ. ಅದು ವಿಂಗಡಣೆಯ ಪಾಠ, ಗಣಿತಕ್ಕೆ ಮೊದಲು ಬರಬೇಕಾದದ್ದು. ಸಂಖ್ಯೆ ಹೇಳುವಾಗ ಮಸಾಯಿಗಳು ಬೆರಳಿನಲ್ಲೂ ತೋರಿಸುತ್ತಾರೆ, ಒಂದೊಂದು ಅಂಕಿಗೆ ಒಂದೊಂದು ಗುರುತು. ಮಕ್ಕಳು ಅದನ್ನು ಕಲಿತೇ ಶಾಲೆಗೆ ಬಂದಿರುತ್ತಾರೆ. ಜಾಣ ಮೇಷ್ಟ್ರು ಅಲ್ಲಿಂದ ಶುರು ಮಾಡುತ್ತಾರೆ. ಮಣಿ ಪೋಣಿಸುವ ಕೆಲಸದಲ್ಲಿ ಸಾಲು, ವಿನ್ಯಾಸ, ಸಮಭಾಗ ಎಲ್ಲಾ ಇದೆ, ಹುಡುಗಿಯರು ಅದರಲ್ಲಿ ಹುಡುಗರಿಗಿಂತ ಮುಂದೆ.

ಇದನ್ನೆಲ್ಲಾ ಕಲಿಸೋರು ಯಾರು? ಶಿಕ್ಷಕರಿಗೇ ಗೊತ್ತಿರುತ್ತಾ?

ಗೊತ್ತಿಲ್ಲದವರೇ ಹೆಚ್ಚು, ಯಾಕೆಂದರೆ ಅವರು ಬೋರ್ಡಿಂಗ್ ಶಾಲೆಯಲ್ಲಿ ಓದಿ ಬಂದವರು. ಅದಕ್ಕೆ ಅಜ್ಜ ಅಜ್ಜಿಯರನ್ನು ಕರೆಸುತ್ತಾರೆ. ಒಗಟು, ಕಥೆ, ಕುಲದ ಹೆಸರುಗಳು, ಹಿರಿಯರ ಮುಂದೆ ತಲೆ ಬಾಗಿಸಿ ಹೇಗೆ ನಮಸ್ಕರಿಸಬೇಕು ಎಂಬುದು ಅವರ ಪಾಲು. ಮಸಾಯಿ ಮಗು ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತದೆ, ಹಿರಿಯರು ಅದರ ತಲೆ ಮೇಲೆ ಕೈ ಇಡುತ್ತಾರೆ. ಅಜ್ಜಂದಿರಿಗೆ ಗಂಟೆ ಹೊಡೆದ ಕೂಡಲೇ ಮಾತು ನಿಲ್ಲಿಸುವ ಅಭ್ಯಾಸ ಇಲ್ಲ, ವೇಳಾಪಟ್ಟಿ ಮಾಡುವವರು ಇದನ್ನು ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಅವರಿಗೆ ಏನಾದರೂ ಗೌರವಧನ ಕೊಡಬೇಕು ಎಂಬುದು ನನ್ನ ಹಠ. ಇಂಗ್ಲಿಷ್ ಮೇಷ್ಟ್ರಿಗೆ ಸಂಬಳ, ಅಜ್ಜಿಗೆ ಚಹಾ ಅಂದರೆ ಯಾವ ವಿದ್ಯೆಗೆ ಬೆಲೆ ಅಂತ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಹುಡುಗ ಶಾಲೆಗೆ ಬಂದ್ರೆ ದನ ಕಾಯೋರು ಯಾರು?

ಇದು ಮನೆಯ ಒಳಗಿನ ನಿಜವಾದ ಜಗಳ. ಚಿಕ್ಕವರು ಕರು, ಆಡು ಕಾಯುತ್ತಾರೆ, ದೊಡ್ಡ ಹುಡುಗರು ದನ. ಕೆಲವು ಮನೆಗಳಲ್ಲಿ ಒಬ್ಬ ಮಗ ಶಾಲೆಗೆ, ಇನ್ನೊಬ್ಬ ದನಕ್ಕೆ. ಅನುಕೂಲ ಇದ್ದವರು ಸಂಬಳಕ್ಕೆ ದನಗಾಹಿಯನ್ನು ಇಡುತ್ತಾರೆ. ಒಣಗಾಲದಲ್ಲಿ ದನ ದೂರ ಹೋದಾಗ ಗಂಡಸರು ಹೋಗುತ್ತಾರೆ, ಹೆಂಗಸರು ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಶಾಲೆ ಬಂದ ಮೇಲೆ ಈ ಏರ್ಪಾಡು ಇನ್ನೂ ಜಾಸ್ತಿಯಾಗಿದೆ. ಮನೆಗಳು ಶಾಲೆ, ಬೋರ್‌ವೆಲ್ ಸುತ್ತ ನೆಲೆ ನಿಂತಿವೆ, ಆ ಸುತ್ತಿನ ಹುಲ್ಲು ಬೇಗ ಸವೆಯುತ್ತದೆ.

ಯೋಧರಾಗೋ ವಿಧಿಗೆ ಹುಡುಗರು ವರ್ಷಗಟ್ಟಲೆ ಶಾಲೆ ಬಿಡ್ತಾರಾ?

ಮೊದಲು ಬಿಡುತ್ತಿದ್ದರು. ಸುನ್ನತಿಯಾದ ಹುಡುಗ ಮೊರಾನ್, ಅಂದರೆ ಯೋಧ ಆಗಿ ಗೆಳೆಯರ ಜೊತೆ ಮನ್ಯಾಟ್ಟಾ ಎಂಬ ಬೇರೆ ಬೀಡಿನಲ್ಲಿ ವರ್ಷಗಳನ್ನೇ ಕಳೆಯುತ್ತಿದ್ದ, ಉದ್ದ ಕೂದಲು ಬಿಟ್ಟು ಕೆಮ್ಮಣ್ಣು ಹಚ್ಚುತ್ತಿದ್ದ. ಶಾಲೆಯಲ್ಲಿ ಕೂದಲು ಬೋಳಿಸಬೇಕು. ಎರಡೂ ಒಟ್ಟಿಗೆ ಹೇಗೆ? ಈಗ ವಿಧಿಗಳನ್ನು ನವೆಂಬರ್, ಡಿಸೆಂಬರ್ ರಜೆಗೆ ಹೊಂದಿಸುತ್ತಾರೆ, ಮೊರಾನ್ ಕಾಲವನ್ನೂ ಮೊಟಕು ಮಾಡಿದ್ದಾರೆ. ಹುಡುಗ ಯೋಧನಾಗಿ ಕೊನೆಗೆ ಹಿರಿಯನಾಗುವ ತನಕದ ಎಂಕಿಪಾಟಾ, ಎಉನೊಟೊ, ಒಲ್‌ಂಗೆಶೆರ್ ಎಂಬ ಮೂರು ವಿಧಿಗಳನ್ನು 2018ರಲ್ಲಿ ಯುನೆಸ್ಕೊ ತುರ್ತಾಗಿ ಉಳಿಸಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಧಿ ಪೂರ್ತಿ ಸತ್ತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕಜಿಯಾಡೋದ ಮಪರಾಶಾ ಗುಡ್ಡಗಳಲ್ಲಿ ನಡೆದ, ಯೋಧರು ಹಿರಿಯರಾಗುವ ಒಲ್‌ಂಗೆಶೆರ್‌ಗೆ ಸಾವಿರಾರು ಗಂಡಸರು ಸೇರಿದ್ದರು, ಅವರಲ್ಲಿ ಓದಿ ನೌಕರಿಯಲ್ಲಿರುವವರೂ ಇದ್ದರು.

ಉಳಿದಿರುವ ತೊಂದರೆ ಸಣ್ಣದಲ್ಲ. ಸುನ್ನತಿಯಾದ ಹುಡುಗ ತಾನು ದೊಡ್ಡವನಾದೆ ಅಂದುಕೊಳ್ಳುತ್ತಾನೆ, ಟೀಚರಮ್ಮನ ಮಾತು ಕೇಳುವುದಿಲ್ಲ. ಅಂಥವನನ್ನು ದಾರಿಗೆ ತರಲು ಹೆಡ್ ಮಾಸ್ಟರಿಂದ ಆಗುವುದಿಲ್ಲ, ಅವನ ವಯಸ್ಸಿನ ಗುಂಪಿಗೆ ಗುರುವಾಗಿರುವ ಹಿರಿಯರೇ ಬರಬೇಕು. ಮಂಡಳಿಯಲ್ಲಿ ಅವರು ಇದ್ದರೆ ಕೆಲಸ ಸುಲಭ.

## ಕಷ್ಟದ ಪ್ರಶ್ನೆಗಳು

ಸಂಪ್ರದಾಯ ಉಳಿಸ್ತೀವಿ ಅಂತೀರಿ, ಹೆಣ್ಣುಮಕ್ಕಳ ಅಂಗ ಕತ್ತರಿಸೋದೂ ಸಂಪ್ರದಾಯ ತಾನೇ?

ಹೌದು, ಸಂಪ್ರದಾಯವೇ. ಅದಕ್ಕೇ ಎಲ್ಲವನ್ನೂ ಉಳಿಸುತ್ತೇವೆ ಅನ್ನುವ ಶಾಲೆಯನ್ನು ನಾನು ನಂಬುವುದಿಲ್ಲ. ಕೆನ್ಯಾದ 2014ರ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಸಾಯಿ ಹೆಂಗಸರಲ್ಲಿ ಸುಮಾರು 78 ಶೇಕಡಾ ಮಂದಿ ಇದಕ್ಕೆ ಒಳಗಾಗಿದ್ದರು. 2011ರ ಕಾನೂನು ಇದನ್ನು ಅಪರಾಧ ಮಾಡಿದೆ. 2014ರ ಮದುವೆ ಕಾಯ್ದೆ ಪ್ರಕಾರ 18 ತುಂಬದೆ ಮದುವೆ ಇಲ್ಲ. ಆದರೂ ಗುಟ್ಟಾಗಿ ನಡೆಯುತ್ತದೆ. ಕತ್ತರಿಸಿದರೆ ಹುಡುಗಿ ಹೆಂಗಸಾದಳು ಅಂತ ಲೆಕ್ಕ, ಮುಂದೆ ಮದುವೆ, ಅಲ್ಲಿಗೆ ಶಾಲೆ ಮುಗಿಯಿತು. ಹಾಗಾಗಿ ಶಾಲೆಗೆ ಇದು ದೂರದ ವಿಷಯವಲ್ಲ, ಹಾಜರಿ ಪುಸ್ತಕದ ವಿಷಯ.

ಕೆಲಸ ಮಾಡಿದ ಒಂದು ದಾರಿ ಎಂದರೆ ಬದಲಿ ವಿಧಿ. ಹಾಡು, ಹಿರಿಯರ ಆಶೀರ್ವಾದ, ಅಜ್ಜಿಯರ ಬುದ್ಧಿಮಾತು ಎಲ್ಲಾ ಇರುತ್ತದೆ, ಕತ್ತರಿ ಮಾತ್ರ ಇಲ್ಲ. ಕಜಿಯಾಡೋದಲ್ಲಿ ಆಮ್ರೆಫ್ ಎಂಬ ಆರೋಗ್ಯ ಸಂಸ್ಥೆ ಊರಿನವರ ಜೊತೆ ಇದನ್ನು ನಡೆಸಿದೆ. ಕತ್ತರಿಸದ ಹುಡುಗಿಯನ್ನೂ ಮದುವೆಯಾಗುತ್ತೇವೆ ಅಂತ ಮೊರಾನ್‌ಗಳು ಎದ್ದು ಹೇಳಿದ ಊರುಗಳಲ್ಲಿ ಬದಲಾವಣೆ ಬೇಗ ಬಂತು.

ಹುಡುಗಿಯರಿಗೆ ಬೋರ್ಡಿಂಗ್ ಶಾಲೆ ಒಳ್ಳೇದಾ, ಊರಿನ ಶಾಲೆ ಒಳ್ಳೇದಾ?

ಅಪಾಯ ಇರುವ ಹುಡುಗಿಗೆ ಬೋರ್ಡಿಂಗ್. ಉಳಿದವರಿಗೆ, ಅದರಲ್ಲೂ ಸಣ್ಣವರಿಗೆ, ಮನೆ. ಕಕೆನ್ಯಾ ನ್ಟಾಯಾ ಅವರ ವಿಷಯ ಕೇಳಿರಬಹುದು. ನಾರೋಕ್ ಕೌಂಟಿಯ ಎನೂಸಾಯೆನ್ ಊರಿನವರು. ಶಾಲೆ ಮುಂದುವರಿಸಲು ಬಿಟ್ಟರೆ ಮಾತ್ರ ಕತ್ತರಿಸಿಕೊಳ್ಳುತ್ತೇನೆ ಅಂತ ಅಪ್ಪನ ಜೊತೆ ಚೌಕಾಸಿ ಮಾಡಿದರು, ಊರಿನವರ ನೆರವಿನಿಂದ ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಪಡೆದರು. 2009ರಲ್ಲಿ ಅದೇ ಊರಿನಲ್ಲಿ ಹುಡುಗಿಯರ ಶಾಲೆ ಶುರು ಮಾಡಿದರು. ಮಗಳನ್ನು ಕತ್ತರಿಸುವುದಿಲ್ಲ, ಬೇಗ ಮದುವೆ ಮಾಡುವುದಿಲ್ಲ ಅಂತ ಪೋಷಕರು ಒಪ್ಪಿದರೆ ಮಾತ್ರ ಪ್ರವೇಶ. 

ಬೋರ್ಡಿಂಗ್‌ನ ಬೆಲೆ ಏನೆಂದರೆ ಮಗು ಮನೆಯ ವಿದ್ಯೆಯಿಂದ ದೂರವಾಗುತ್ತದೆ. ರಜೆಯಲ್ಲಿ ಬಂದಾಗ ನೆಂಟರ ಹಾಗೆ ಇರುತ್ತದೆ.

ಬರ ಬಂದ್ರೆ ಶಾಲೆ ಗತಿ ಏನು?

2020ರ ಕೊನೆಯಿಂದ 2022ರ ಕೊನೆವರೆಗೆ ಸತತ ಐದು ಮಳೆಗಾಲ ಕೈಕೊಟ್ಟವು. ದನಗಳು ಸತ್ತವು. ದನ ಅಂದರೆ ಫೀಸು, ಸಮವಸ್ತ್ರ, ಮಂಡಳಿ ಇಟ್ಟುಕೊಂಡ ಶಿಕ್ಷಕರ ಸಂಬಳ. ಹಾಗಾಗಿ ಊರಿನ ದುಡ್ಡಿನಿಂದ ನಡೆಯುವ ಶಾಲೆಗೆ ಬರದಲ್ಲಿ ಎರಡು ಕಡೆಯಿಂದ ಏಟು, ದುಡ್ಡೂ ಇಲ್ಲ, ಮಕ್ಕಳೂ ಇಲ್ಲ. ನೀರಿನ ಟ್ಯಾಂಕು ಮತ್ತು ಅಡುಗೆಮನೆ ಇರುವ ಶಾಲೆ ತಡೆದುಕೊಳ್ಳುತ್ತದೆ. ಹೊಸ ಕ್ಲಾಸ್‌ರೂಮಿಗಿಂತ ಮೊದಲು ಟ್ಯಾಂಕು ಕಟ್ಟಿ ಅಂತ ನಾನು ಹೇಳುವುದು ಅದಕ್ಕೇ.

ಹೀಗೆ ಕಲಿತ ಮಕ್ಕಳು ಪರೀಕ್ಷೇಲಿ ಹಿಂದೆ ಬೀಳಲ್ವಾ? ಓದಿದವರು ಊರು ಬಿಟ್ಟು ಹೋಗಲ್ವಾ?

ಕೆಸಿಪಿಇ ಎಂಬ ಎಂಟನೇ ತರಗತಿ ಪರೀಕ್ಷೆ ಇದ್ದಷ್ಟು ದಿನ ಈ ಹೆದರಿಕೆ ಜೋರಾಗಿತ್ತು. ಅಂಕ ಬಂದವರಿಗೆ ಒಳ್ಳೆ ಪ್ರೌಢಶಾಲೆ, ಇಲ್ಲದವರಿಗೆ ದನದ ಹಿಂದೆ. 2023ರಲ್ಲಿ ಅದು ಕೊನೆಯಾಯಿತು. ಈಗ ಆರನೇ ತರಗತಿ ಕೊನೆಗೆ ಒಂದು ಮೌಲ್ಯಮಾಪನ ಇದೆ, ಅದರಿಂದ ಯಾರನ್ನೂ ಫೇಲ್ ಮಾಡುವುದಿಲ್ಲ. ಮಾ ಭಾಷೆಯಲ್ಲಿ ಚೆನ್ನಾಗಿ ಓದಲು ಕಲಿತ ಮಗು ಇಂಗ್ಲಿಷನ್ನೂ ಬೇಗ ಹಿಡಿಯುತ್ತದೆ. ಹಿಂದೆ ಬೀಳುವುದು ಶಿಕ್ಷಕರು ಇಲ್ಲದ ಶಾಲೆಯವರು.

ಊರು ಬಿಡುವವರು ಬಿಡುತ್ತಾರೆ. ನೈರೋಬಿ, ತಾಂಜಾನಿಯಾದ ಅರುಷಾ ನಗರಗಳಲ್ಲಿ ಕಾವಲುಗಾರರಾಗಿ ನಿಂತಿರುವ ಮಸಾಯಿಗಳಲ್ಲಿ ಜಾಸ್ತಿ ಜನ ಓದದವರು, ಅದನ್ನೂ ನೆನಪಿಡಿ. ಓದಿದವರಲ್ಲಿ ಎಡ್ವರ್ಡ್ ಸೊಕೊಯಿನೆ ಮತ್ತು ಎಡ್ವರ್ಡ್ ಲೊವಾಸಾ ತಾಂಜಾನಿಯಾದ ಪ್ರಧಾನಿಗಳಾದರು, ಇಬ್ಬರೂ ಮೊಂಡುಲಿಯವರೇ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ 800 ಮೀಟರ್ ಓಟವನ್ನು 1:40.91ರಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಕಿಲ್ಗೊರಿಸ್ ಕಡೆಯವರು.

ತಾಂಜಾನಿಯಾ ಕಡೆ ಪರಿಸ್ಥಿತಿ ಬೇರೆನಾ?

ಬೇರೆ, ಮತ್ತು ಕಷ್ಟ ಜಾಸ್ತಿ. ಅಲ್ಲಿ ಪ್ರಾಥಮಿಕ ಶಾಲೆ ಕಿಸ್ವಾಹಿಲಿಯಲ್ಲಿ, ಪ್ರೌಢಶಾಲೆ ಇಂಗ್ಲಿಷ್‌ನಲ್ಲಿ, ಮಾ ಭಾಷೆಗೆ ಜಾಗವೇ ಇಲ್ಲ. ಮಸಾಯಿ ಮಗು ಎರಡು ಸಲ ಭಾಷೆ ಹಾರಬೇಕು. ನ್ಗೊರೊಂಗೊರೊದಲ್ಲಿ ಇನ್ನೊಂದು ಸಂಕಟ. 1959ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಬಿಟ್ಟು ಬಂದವರಿಗೆ ಇಲ್ಲಿ ಇರಬಹುದು ಅಂದಿದ್ದರು. 2022ರಿಂದ ಅವರನ್ನು ದೂರದ ಮ್ಸೊಮೆರಾ ಹಳ್ಳಿಗೆ ಸಾಗಿಸಲಾಗುತ್ತಿದೆ. ಸ್ವಇಚ್ಛೆಯಿಂದ ಹೋಗುತ್ತಿದ್ದಾರೆ ಅನ್ನುತ್ತದೆ ಸರ್ಕಾರ. ಶಾಲೆ, ಆಸ್ಪತ್ರೆಗೆ ಬರುವ ದುಡ್ಡು ನಿಲ್ಲಿಸಿ ಹೊರಡಿಸುತ್ತಿದ್ದಾರೆ ಅನ್ನುತ್ತಾರೆ ಊರಿನವರು. ನಾಳೆ ಇಲ್ಲಿ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಜನ ಶಾಲೆಗೆ ಗೋಡೆ ಎತ್ತುವುದು ಹೇಗೆ?

ಮಸಾಯಿ ಮಾರಾಕ್ಕೆ ಹೋಗ್ತಿದ್ದೀವಿ. ಮಕ್ಕಳಿಗೆ ಪೆನ್ನು, ಚಾಕಲೇಟ್ ತಗೊಂಡು ಹೋಗ್ಲಾ?

ಚಾಕಲೇಟ್ ಬೇಡ. ಪೆನ್ನು ಕೊಡುವುದಾದರೆ ಹೆಡ್ ಮಾಸ್ಟರ್ ಕೈಗೆ ಕೊಡಿ. ರಸ್ತೆಯಲ್ಲಿ ಕೈ ಚಾಚಿದ ಮಗುವಿಗೆ ಕೊಟ್ಟರೆ ನಾಳೆ ಅದು ಶಾಲೆ ತಪ್ಪಿಸಿ ಅದೇ ರಸ್ತೆಯಲ್ಲಿ ನಿಲ್ಲುತ್ತದೆ. ಪಾಠದ ನಡುವೆ ಕ್ಲಾಸಿಗೆ ನುಗ್ಗಿ ಫೋಟೊ ತೆಗೆಯಬೇಡಿ, ನಿಮ್ಮ ಮಗುವಿನ ಶಾಲೆಗೆ ಅಪರಿಚಿತರು ಹಾಗೆ ನುಗ್ಗಿದರೆ ಬಿಡುತ್ತೀರಾ?

ದುಡ್ಡು ಕೊಡೋಣ ಅಂತಿದ್ದೀನಿ. ಏನು ಕೇಳಬೇಕು?

ಶಾಲೆಯ ಜಾಗ ಯಾರ ಹೆಸರಿನಲ್ಲಿದೆ ಅಂತ ಮೊದಲು ಕೇಳಿ. ಊರಿನ ಹೆಸರಿನಲ್ಲೋ ಶಾಲೆಯ ಹೆಸರಿನಲ್ಲೋ ಇದ್ದರೆ ಸರಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ ಹುಷಾರು. ಮಂಡಳಿಯಲ್ಲಿ ಹೆಂಗಸರು ಎಷ್ಟು ಜನ, ಅವರು ಸಭೆಯಲ್ಲಿ ಮಾತಾಡುತ್ತಾರಾ ಅಥವಾ ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರಾ ಕೇಳಿ. ಲೆಕ್ಕವನ್ನು ಪೋಷಕರ ಸಭೆಯಲ್ಲಿ ಮಾ ಭಾಷೆಯಲ್ಲಿ ಓದಿ ಹೇಳುತ್ತಾರಾ ಕೇಳಿ, ಇಂಗ್ಲಿಷ್ ವರದಿ ನಿಮಗೆ ಮಾತ್ರ ಬರುತ್ತಿದ್ದರೆ ಶಾಲೆಯ ಯಜಮಾನರು ಊರಿನವರಲ್ಲ, ನೀವು. ಕಟ್ಟಡಕ್ಕೆ ಕೊಡುವವರು ಬಹಳ ಜನ, ಗೋಡೆ ಮೇಲೆ ಹೆಸರು ಬರೆಸಬಹುದಲ್ಲ. ಶಿಕ್ಷಕರ ಸಂಬಳಕ್ಕೆ, ಅಡುಗೆಯವರ ಸಂಬಳಕ್ಕೆ ಕೊಡುವವರು ಇಲ್ಲ. ಒಂದೇ ವರ್ಷ ಕೊಟ್ಟು ಕೈ ಎತ್ತುವುದಾದರೆ ಅದನ್ನೂ ಮೊದಲೇ ಹೇಳಿಬಿಡಿ, ಅವರು ಅದಕ್ಕೆ ತಕ್ಕ ಹಾಗೆ ಶಿಕ್ಷಕರನ್ನು ಇಟ್ಟುಕೊಳ್ಳುತ್ತಾರೆ.